ಎಪ್ಪತ್ತೆರಡರಲ್ಲೊಂದು ಪಾಲು ಕೊಳೆ

ಹಳೆಯ ಯುದ್ಧವಿಮಾನಗಳ ಪುಟ್ಟ ಮಾದರಿ ಕಟ್ಟುವವನು ಬೆಂಗಳೂರಿನಲ್ಲಿ ಸಾಮಾನ್ಯವಾಗಿ ಅಪಾರ್ಟ್‌ಮೆಂಟಿನ ಯುಟಿಲಿಟಿ ಬಾಲ್ಕನಿಯಲ್ಲಿ, ವಾಷಿಂಗ್ ಮಷೀನಿನ ಪಕ್ಕ ಕಾಣಸಿಗುತ್ತಾನೆ. ವೃತ್ತಿಯಿಂದ ಎಂಜಿನಿಯರ್, ಇಲ್ಲವೇ ಸ್ವಯಂನಿವೃತ್ತಿ ಪಡೆದ ಬ್ಯಾಂಕ್ ಅಧಿಕಾರಿ. ಅವನಿಗೆ ಲೋಕವಿರುವುದು ಎರಡೇ ಅಳತೆಗಳಲ್ಲಿ: 1/72 ಮತ್ತು 1/48. ಮೊದಲನೆಯದರಲ್ಲಿ ಆರಡಿ ಆಳು ಒಂದಂಗುಲಕ್ಕೆ ಇಳಿಯುತ್ತಾನೆ.

ಈ ಊರಿನ ಮಾದರಿಗಾರನಿಗೆ ನ್ಯಾಟ್ ಎಂದರೆ ಮನೆದೇವರು. ಬ್ರಿಟನ್ನಿನ ಫಾಲಂಡ್ ಕಂಪನಿಯಲ್ಲಿ ಡಬ್ಲ್ಯು. ಇ. ಡಬ್ಲ್ಯು. ಪೆಟ್ಟರ್ ರೂಪಿಸಿದ ಈ ಜೆಟ್ 1955ರಲ್ಲಿ ಮೊದಲು ಹಾರಿತು. ಮುಂದೆ ಪರವಾನಗಿ ಪಡೆದು ಬೆಂಗಳೂರಿನ ವಿಮಾನ ಕಾರ್ಖಾನೆ ಎಚ್‌ಎಎಲ್ ಇದನ್ನು ಇಲ್ಲೇ ಕಟ್ಟಿತು. ವಿಮಾನವೇ ಗಿಡ್ಡ, ರೆಕ್ಕೆಯ ಹರವು 6.73 ಮೀಟರ್. 1/72ರಲ್ಲಿ ಅದು 9.3 ಸೆಂಟಿಮೀಟರ್. ಇಷ್ಟಕ್ಕೆ ಆರು ತಿಂಗಳೇಕೆ ಎಂಬ ಮನೆಯವರ ಪ್ರಶ್ನೆಗೆ ಇವನಲ್ಲಿ ಉತ್ತರವಿದೆ, ಕೇಳುವ ತಾಳ್ಮೆ ಅವರಲ್ಲಿಲ್ಲ.

ಮೊದಲ ಹಂತ ಸಂಶೋಧನೆ. ಹಳೇ ವಿಮಾನ ನಿಲ್ದಾಣ ರಸ್ತೆಯಲ್ಲಿ 2001ರಿಂದ ಇರುವ ಎಚ್‌ಎಎಲ್ ವಸ್ತುಸಂಗ್ರಹಾಲಯಕ್ಕೆ ಎಲ್ಲರೂ ವಿಮಾನ ನೋಡಲು ಹೋಗುತ್ತಾರೆ. ಇವನು ಚಕ್ರ ಮಡಚಿಕೊಳ್ಳುವ ಗುಂಡಿ ನೋಡಲು ಹೋಗುತ್ತಾನೆ. ಮಕ್ಕಳು ಜೊತೆಗಿದ್ದರೂ ಫೋಟೊದಲ್ಲಿ ಬರುವುದು ಗುಂಡಿಯೇ.

ಎರಡನೆಯದು ಜೋಡಣೆ. ಇದರ ಅಂಟು ಪ್ಲಾಸ್ಟಿಕ್ಕನ್ನು ಕರಗಿಸಿ ಒಂದಾಗಿಸುತ್ತದೆ. ಬೆರಳು ತಗುಲಿದರೆ ಬೆರಳಚ್ಚೂ ವಿಮಾನದ ಅಂಗವಾಗುತ್ತದೆ. ನ್ಯಾಟ್‌ಗೆ ಮೂಗಿನಡಿ ಚಕ್ರವಿರುವುದರಿಂದ ಮೂತಿಯೊಳಗೆ ಸೀಸದ ಚೂರು ತುಂಬಬೇಕು. ಮರೆತರೆ ವಿಮಾನ ಬಾಲ ಊರಿ ಕೂರುತ್ತದೆ. ಅದು ಗೊತ್ತಾಗುವುದು ಬಿರುಕಿಗೆಲ್ಲ ಪುಟ್ಟಿ ತುಂಬಿ, ಉಜ್ಜಿ, ಬಣ್ಣ ಹೊಡೆದಾದ ಮೇಲೆ. ಚಿಮುಟದಿಂದ ಜಿಗಿದ ಬಿಡಿಭಾಗವೊಂದು ಪ್ರತಿ ವಿಮಾನಕ್ಕೂ ಕಡ್ಡಾಯ. ಅದಕ್ಕಾಗಿ ಇವನು ಟಾರ್ಚ್ ಹಿಡಿದು ನೆಲದಲ್ಲಿ ತೆವಳುತ್ತಾನೆ.

ಮೂರನೆಯದು ಬಣ್ಣ, ಅಂದರೆ ಜಗಳ. 1965ರ ಭಾರತ-ಪಾಕ್ ಯುದ್ಧದಲ್ಲಿ ಬಹುಪಾಲು ನ್ಯಾಟ್‌ಗಳದು ಲೋಹದ ಬೆಳ್ಳಿ ಮೈ. 1971ರ ಹೊತ್ತಿಗೆ ಹಲವಕ್ಕೆ ಹಸಿರು ಮರೆಬಣ್ಣ ಬಳಿಯಲಾಗಿತ್ತು. ಆ ಹಸಿರು ಯಾವ ಹಸಿರು ಎಂಬುದರ ಮೇಲೆ ಗೆಳೆತನಗಳು ಮುರಿದಿವೆ. ಜಗಳವಾಡುವ ಇಬ್ಬರೂ ಸಾಕ್ಷ್ಯಕ್ಕೆ ಒಡ್ಡುವುದು ಒಂದೇ ಕಪ್ಪು ಬಿಳುಪು ಫೋಟೊ.

ನಾಲ್ಕನೆಯ ಹಂತದಲ್ಲಿ ಅವನ ನಿಜವಾದ ಸ್ವಭಾವ ತಿಳಿಯುತ್ತದೆ. ಇಷ್ಟು ಕಷ್ಟಪಟ್ಟು ಹೊಸದಾಗಿಸಿದ್ದನ್ನು ಈಗ ಹಳತು ಮಾಡಬೇಕು. ಹೊಸಬ ಉತ್ಸಾಹದಲ್ಲಿ ತುಕ್ಕು ಬಳಿಯುತ್ತಾನೆ. ಅಲ್ಯುಮಿನಿಯಂ ತುಕ್ಕು ಹಿಡಿಯುವುದಿಲ್ಲ ಎಂದು ರಿವೆಟ್ ಎಣಿಸುವ ಪಂಗಡ ಅವನನ್ನು ಅಂದೇ ತಿದ್ದುತ್ತದೆ. ಪಳಗಿದವನ ಕೊಳೆಗೆ ಕಾರಣವಿರುತ್ತದೆ. 30 ಮಿಲಿಮೀಟರಿನ ಎರಡು ಏಡನ್ ಫಿರಂಗಿಗಳು ಗಾಳಿದ್ವಾರಗಳ ಪಕ್ಕದಲ್ಲಿವೆ, ಆದ್ದರಿಂದ ಮಸಿ ಅಲ್ಲಿ. ಹಾರುವಾಗ ಸೋರಿದ ಎಣ್ಣೆ ಹಿಂದಕ್ಕೆ ಹರಿಯುತ್ತದೆ, ನಿಂತಾಗ ಸೋರಿದ್ದು ನೇರ ಕೆಳಗಿಳಿಯುತ್ತದೆ. ಹಾಳೆಗಳ ಸಂದಿಯಲ್ಲಿ ತೆಳು ಕಂದು ಬಣ್ಣ ಹರಿಸಿ, ಹೆಚ್ಚಾದದ್ದನ್ನು ಒರೆಸಬೇಕು. ಕೊಳೆಯನ್ನೂ ಅಳತೆಗೆ ಇಳಿಸಬೇಕು: ಒಂದು ಮಿಲಿಮೀಟರ್ ಕುಂಚ ಜಾರಿದರೆ ನಿಜದಲ್ಲಿ ಏಳು ಸೆಂಟಿಮೀಟರಿನ ಕಲೆ. ಅದೇ ಕಾರಣಕ್ಕೆ ಷೋಕೇಸಿನಲ್ಲಿ ಕೂರುವ ಅಸಲಿ ಧೂಳಿಗೆ ಇಲ್ಲಿ ಪ್ರವೇಶವಿಲ್ಲ; ಅದು ಅಳತೆಗೆ ದೊಡ್ಡದು. ಅದನ್ನು ಇವನು ಮೆತ್ತನೆಯ ಕುಂಚದಿಂದ ದಿನವೂ ಒರೆಸುತ್ತಾನೆ. ಬೇಸ್‌ಮೆಂಟಿನಲ್ಲಿ ನಿಂತ ಅವನ ಸ್ಕೂಟರು ಹಳತಾಗುವ ಈ ಎಲ್ಲ ಹಂತಗಳನ್ನು ಯಾರ ನೆರವಿಲ್ಲದೆ ದಾಟಿರುತ್ತದೆ.

ಕೊನೆಯದು ಪರೀಕ್ಷೆ. ನೆಂಟರು "ಚೆನ್ನಾಗಿದೆ, ಹಾರುತ್ತಾ?" ಎನ್ನುತ್ತಾರೆ, ಅದನ್ನು ಅವನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವನು ಅಂಜುವುದು ಕೆಳಗಿನ ಮನೆಯ ನಿವೃತ್ತ ಎಚ್‌ಎಎಲ್ ಫಿಟ್ಟರ್‌ಗೆ. ಅವರು ಕನ್ನಡಕ ಮೇಲೇರಿಸಿ, ಸುತ್ತ ತಿರುಗಿಸಿ ನೋಡಿ, "ಏನ್ರೀ ಇದು, ಇಷ್ಟು ಗಲೀಜು? ಹೀಗಿದ್ರೆ ನಮ್ಮಲ್ಲಿ ಇನ್‌ಸ್ಪೆಕ್ಷನ್ನೇ ಪಾಸಾಗ್ತಿರ್ಲಿಲ್ಲ" ಎನ್ನುತ್ತಾರೆ. ಪ್ರಮಾಣ ಪುರುಷರ ಎದುರು ವಾದವಿಲ್ಲ. ಮಾದರಿಗಾರ ಅಂದೇ ರಾತ್ರಿ ಇನ್ನೊಂದು ನ್ಯಾಟ್ ಕಿಟ್ ತರಿಸುತ್ತಾನೆ, ಕಾರ್ಖಾನೆಯಿಂದ ಹೊರಬಂದ ದಿನದ ಸ್ಥಿತಿಯಲ್ಲಿ ಕಟ್ಟಲು. ಅದಕ್ಕೆ ಕೊಳೆ ಬೇಡವಾದ್ದರಿಂದ ಬೇಗ ಮುಗಿಯುತ್ತದೆ ಎಂದು ಮನೆಯಲ್ಲಿ ಹೇಳಿರುತ್ತಾನೆ.