ಸತ್ತವನಿಗೆ ಎರಡನೇ ಭಾಗ

ಕುಮಟಾದಲ್ಲಿ ರೈಲು ಹತ್ತಿ ಕ್ರೈಂ ಕಾದಂಬರಿ ಬಿಚ್ಚಿದವನಿಗೆ ಹೊನ್ನಾವರ ಬರುವಷ್ಟರಲ್ಲಿ ಎರಡು ಹೆಣ, ಶರಾವತಿ ಸೇತುವೆಯ ಮೇಲೆ ಮೂರನೆಯದು. ಭಟ್ಕಳ ಬಂತು ಅನ್ನುವಾಗ ಕೇಡಿ ನಾಯಕನೇ ಗುಂಡು ತಿಂದು ಹೊಳೆಗೆ ಬಿದ್ದ. ಪುಸ್ತಕ ಮುಗಿಯಿತು. ಬೇಜಾರು ಬೇಡ ಮಾರಾಯ್ರೆ! ಹೆಣ ಸಿಕ್ಕಿತು ಅಂತ ಎಲ್ಲಾದರೂ ಬರೆದಿದೆಯಾ? ಇಲ್ಲ ತಾನೆ? ಹಾಗಾದರೆ ಎರಡನೇ ಭಾಗ ಗ್ಯಾರಂಟಿ.

ಕೇಡಿಯನ್ನು ಕೊಲ್ಲುವುದಷ್ಟೇ ಲೇಖಕನ ಕೈಯಲ್ಲಿದೆ. ಅವನು ಸತ್ತೇ ಇರಬೇಕೋ ಬೇಡವೋ, ಅದು ಓದುಗರ ತೀರ್ಮಾನ. ಅಮೆರಿಕದ ಡೊನಾಲ್ಡ್ ವೆಸ್ಟ್‌ಲೇಕ್ ರಿಚರ್ಡ್ ಸ್ಟಾರ್ಕ್ ಎಂಬ ಹೆಸರಿಟ್ಟುಕೊಂಡು ಪಾರ್ಕರ್ ಎಂಬ ದರೋಡೆಕೋರನ ಕಥೆ ಬರೆದ. ಕೆಟ್ಟವನಿಗೆ ಶಿಕ್ಷೆಯಾಗಬೇಕಲ್ಲ ಎಂದು ಕೊನೆಗೆ ಪೊಲೀಸರ ಕೈಗೂ ಒಪ್ಪಿಸಿದ. ಸಂಪಾದಕ ಬಿಡಬೇಕಲ್ಲ! ಇವನನ್ನು ಹೇಗಾದರೂ ಪಾರು ಮಾಡು, ವರ್ಷಕ್ಕೆ ಮೂರು ಪುಸ್ತಕ ಬೇಕು ಎಂದ. 1962ರಲ್ಲಿ ‘ದಿ ಹಂಟರ್’ ಬಂತು. 1974ರ ನಂತರ ಪಾರ್ಕರ್ ನಾಪತ್ತೆ, 1997ರಲ್ಲಿ ಹಾಜರ್. ಪುಸ್ತಕದ ಹೆಸರೇ ‘ಕಮ್‌ಬ್ಯಾಕ್’. 23 ವರ್ಷ ಎಲ್ಲಿದ್ದೆಯೋ ಅಂತ ಅವನ ಜುಟ್ಟು ಹಿಡಿದವರಿಲ್ಲ.

ನಮ್ಮ ರಾಕಿಯೇನು ಕಡಿಮೆ? 2022ರ ಕೆಜಿಎಫ್ ಚಾಪ್ಟರ್ 2ರಲ್ಲಿ ಚಿನ್ನದ ಸಮೇತ ಸಮುದ್ರ ಸೇರಿದ. ಸಿನಿಮಾ ಮುಗಿಯುವ ಮೊದಲೇ ಮೂರನೇ ಚಾಪ್ಟರಿನ ಸುಳಿವು ತೇಲಿ ಬಂತು. ಭಟ್ಕಳದಲ್ಲಿ ದೋಣಿ ನಡೆಸುವವರನ್ನೇ ಕೇಳಿ: ಅಷ್ಟು ಭಾರ ಹೊತ್ತು ಮುಳುಗಿದವನು ಮೇಲೆ ಬರುವುದುಂಟಾ? ಆದರೂ ಟಿಕೆಟ್‌ಗೆ ಅವರೇ ಮುಂದೆ ನಿಲ್ಲುತ್ತಾರೆ.

ಲೇಖಕನ ಫಜೀತಿ ಇರುವುದು ಲೆಕ್ಕ ಒಪ್ಪಿಸುವುದರಲ್ಲಿ. ಕೋಮಾ, ಅವಳಿ ತಮ್ಮ, ಬಲಗಡೆ ಹೃದಯ — ಎಲ್ಲ ಸವೆದುಹೋದ ಸಬೂಬುಗಳು. ಹೊನ್ನಾವರ ಸೀಮೆಯವರಿಗೆ ಈ ತಾಪತ್ರಯವೇ ಇಲ್ಲ. ಗುಣವಂತೆಯ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಯಕ್ಷಗಾನ ಮೇಳ ಕಟ್ಟಿದ ನೆಲ ಇದು. ಇಲ್ಲಿ ಖಳ ಸಾಯುವುದು ಆ ರಾತ್ರಿಯ ಮಟ್ಟಿಗೆ ಮಾತ್ರ. ಪದ್ಮಶ್ರೀ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕನನ್ನೇ ನೆನೆಸಿಕೊಳ್ಳಿ. ರಂಗದಲ್ಲಿ ವಧೆಯಾಯಿತು, ಚೌಕಿಗೆ ಬಂದು ಗೆಜ್ಜೆ ಬಿಚ್ಚಿ, ಮುಖಕ್ಕೆ ಕೊಬ್ಬರಿ ಎಣ್ಣೆ ತಿಕ್ಕಿ ಬಣ್ಣ ಒರೆಸಿದರೆ ಕೇಸು ಖುಲಾಸೆ. ಮುಂದಿನ ಆಟಕ್ಕೆ ಅದೇ ಕೀಚಕ, ಅದೇ ಸೈರಂಧ್ರಿ, ಅದೇ ಹುಚ್ಚು. ಮೊನ್ನೆ ಸತ್ತಿದ್ದೆಯಲ್ಲೋ ಅಂತ ಒಬ್ಬ ಕೇಳಿದ್ದರೆ ಹೇಳಿ! ಭೀಮ ಸ್ವಲ್ಪ ಬೇಗ ಬಂದರೇ ಜನಕ್ಕೆ ಸಿಟ್ಟು.

ಆದ್ದರಿಂದ ಕಾದಂಬರಿಕಾರರಿಗೊಂದು ಬಿಟ್ಟಿ ಸಲಹೆ: ನಾಯಕ ಹೇಗೆ ಬದುಕಿದ ಎಂದು ವಿವರಿಸುತ್ತ ಪುಟ ತುಂಬಿಸಬೇಡಿ. ಬಾಗಿಲು ತಳ್ಳಿಕೊಂಡು ಬರಲಿ, ಒಂದು ಚಾ ಕೇಳಲಿ. ಓದುಗನಿಗೆ ಅವನ ಮರಣ ದಾಖಲೆ ಬೇಕಾಗಿಲ್ಲ. ಈ ಸಲ ಪೆಟ್ಟು ಯಾರಿಗೆ ಅಂತ ಗೊತ್ತಾದರೆ ಸಾಕು.