ಓಮ್ನಿಯಲ್ಲಿ ಸಂಸಾರ

(ಬೆಂಗಳೂರಿನ ಅಪಾರ್ಟ್‌ಮೆಂಟ್ ಬೇಸ್‌ಮೆಂಟು. ಸೆಕೆಂಡ್‌ಹ್ಯಾಂಡ್ ಕಾರ್ಗೋ ಓಮ್ನಿ. ರಾಯರ ಕೈಯಲ್ಲಿ ಟೇಪು, ಪದ್ಮಮ್ಮನ ಕೈಯಲ್ಲಿ ಬಿಲ್ಲುಗಳು.)

ರಾಯರು: ಇನ್ಮೇಲೆ ಹೋಟೆಲ್ ರೂಮಿನ ಖರ್ಚೇ ಇಲ್ಲ ಕಣೇ! ಮೂವತ್ತು ಸಾವಿರದಲ್ಲಿ ಓಡಾಡೋ ಮನೆ.

ಪದ್ಮಮ್ಮ: ಪ್ಲೈವುಡ್ಡು, ಗಾದಿಗೇ ಮೂವತ್ತಾಯ್ತು. ಅಗಲ ಎಷ್ಟ್ರೀ?

ರಾಯರು: ಹೊರಗಿಂದ 1410 ಮಿಲಿಮೀಟರ್. ನಾಲ್ಕೂವರೆ ಅಡಿ ದಾಟುತ್ತೆ!

ಪದ್ಮಮ್ಮ: ನೀವು ಐದೂಮುಕ್ಕಾಲು.

ರಾಯರು: ಉದ್ದಕ್ಕೆ ಮಲಗೋಣ.

ಪದ್ಮಮ್ಮ: ತಲೆ ಮುಂದಿನ ಸೀಟಿಗೆ ತಾಗುತ್ತೆ. ಸೀಟಿನಡಿ ಎಂಜಿನ್ನು.

ರಾಯರು: ಮಡಿಕೇರಿ ಚಳೀಲಿ ಬೆಚ್ಚಗಿರುತ್ತೆ!

ಪದ್ಮಮ್ಮ: ಏಪ್ರಿಲ್‌ನಲ್ಲಿ ರಾಯಚೂರಿಗೆ ಹೋದ್ರೆ?

ರಾಯರು: ಅಲ್ಲಿ ನಮಗ್ಯಾರಿದ್ದಾರೆ? ಛಾವಣಿಗೆ ಫ್ರಿಜ್ ಡಬ್ಬದ ಥರ್ಮೋಕೋಲ್ ಅಂಟಿಸಿದೀನಲ್ಲ. (ಒಂದು ತುಂಡು ಕಳಚಿ ರಾಯರ ಬೋಳುತಲೆ ಮೇಲೆ ಬೀಳುತ್ತದೆ. ಪುಕ್ಕಟೆ ಮಾಲು, ದೂರುವಂತಿಲ್ಲ.)

ಪದ್ಮಮ್ಮ: ಅಡುಗೆ?

ರಾಯರು: ಇಂಡಕ್ಷನ್! ಎದುರುಮನೆಯವರ ಹಳೇ ಯುಪಿಎಸ್ ಬ್ಯಾಟರಿ, 12 ವೋಲ್ಟು, 100 ಆಂಪಿಯರ್-ಅವರ್.

ಪದ್ಮಮ್ಮ: ಹೊಸದಾಗಿದ್ರೂ 1200 ವ್ಯಾಟ್-ಅವರ್. ಲೆಡ್ ಆಸಿಡ್ಡು, ಅರ್ಧಕ್ಕಿಂತ ಕೆಳಗಿಳಿಸಿದ್ರೆ ಬೇಗ ಸಾಯುತ್ತೆ. 2000 ವ್ಯಾಟಿನ ಒಲೆ ಹದಿನೆಂಟು ನಿಮಿಷ ಉರಿಯುತ್ತೆ. ಬೇಳೆ ಬೇಯುತ್ತಾ?

ರಾಯರು: ಅವಲಕ್ಕಿ ನೆನೆಸು.

ಪದ್ಮಮ್ಮ: ಬೆಳಗ್ಗೆ ಆರಕ್ಕೆ ಬಾತ್‌ರೂಮು?

ರಾಯರು: ಪೆಟ್ರೋಲ್ ಬಂಕು. ಐವತ್ತು ರೂಪಾಯಿ ಪೆಟ್ರೋಲ್ ಹಾಕಿಸಿದ್ರೆ ಬೇಡ ಅಂತಾರಾ?

ಪದ್ಮಮ್ಮ: ಆರ್‌ಟಿಓದವರನ್ನ ಕೇಳಿದ್ರಾ? ಮೋಟಾರು ವಾಹನ ಕಾಯ್ದೆ 52ನೇ ಕಲಮಿನ ಪ್ರಕಾರ ಗಾಡಿ ಮನಸ್ಸಿಗೆ ಬಂದಂಗೆ ಬದಲಾಯಿಸೋಹಾಗಿಲ್ಲ. ಆರ್‌ಸಿಯಲ್ಲಿ ಸರಕು ವಾಹನ ಅಂತಿದೆ. ಹಿಂದೆ ಮನುಷ್ಯರು ಮಲಗಿದ್ರೆ?

ರಾಯರು: ನಾವೇ ಸರಕು ಅಂತೀನಿ.

ಪದ್ಮಮ್ಮ: ಹಂಗಾದ್ರೆ ನಿಮಗೊಂದು ಇ-ವೇ ಬಿಲ್ ಮಾಡಿಸಿ. ನಾನು ರಾಜಹಂಸ ಬಸ್ಸಲ್ಲಿ ಬರ್ತೀನಿ.