ಪೆಟ್ಟಿಗೆ ಹೊರುವವನ ಕಾವ್ಯಮೀಮಾಂಸೆ

ಯಕ್ಷಗಾನದ ರಂಗ ಯಾಕೆ ಅಷ್ಟು ಬರಿದು ಎಂದು ಕೇಳಿದರೆ ವಿದ್ವಾಂಸರು ಭರತಮುನಿಯಿಂದ ಬ್ರೆಖ್ಟ್‌ನವರೆಗೆ ಸಾಕ್ಷಿಗಳನ್ನು ಕರೆಸುತ್ತಾರೆ. ಮೇಳದ ವೇಷದ ಪೆಟ್ಟಿಗೆ ಹೊತ್ತವನನ್ನು ಮಾತ್ರ ಯಾರೂ ಕಟಕಟೆಗೆ ಕರೆದಂತಿಲ್ಲ. ಅವನ ಪರವಾಗಿ ನನ್ನದೊಂದು ವಕಾಲತ್ತು: ತಿರುಗಾಟದ ಮೇಳದಲ್ಲಿ ನಾವು ಶೈಲಿ, ಸಂಕೇತ, ಸಂಯಮ ಎಂದೆಲ್ಲ ಹೊಗಳುವುದರಲ್ಲಿ ಅರ್ಧಕ್ಕರ್ಧ ಬರೀ ಹೊರೆಯ ಲೆಕ್ಕ. ದೀಪಾವಳಿ ಕಳೆದು ಗದ್ದೆ ಬರಿದಾದ ಮೇಲೆ ಹೊರಟ ಮೇಳ ಮಳೆ ಹಿಡಿಯುವ ತನಕ ಮನೆ ಕಾಣುವುದಿಲ್ಲ. ಇವತ್ತು ಕಾಯ್ಕಿಣಿಯಲ್ಲಿ ಆಟ, ನಾಳೆ ಹೊನ್ನಾವರದಾಚೆ, ನಾಡಿದ್ದು ಕುಮಟೆಯ ಕಡೆ. ನಕ್ಷೆಯಲ್ಲಿ ನೋಡಿದರೆ ಬೆರಳುದ್ದದ ದಾರಿ. ಆದರೆ ನಡುವೆ ಒಂದು ಕಡೆ ಶರಾವತಿ, ಇನ್ನೊಂದು ಕಡೆ ಅಘನಾಶಿನಿ. ಸೇತುವೆಯೂ ಲಾರಿಯೂ ಇಲ್ಲದ ಕಾಲದಲ್ಲಿ ಪೆಟ್ಟಿಗೆ ಆಳಿನ ತಲೆಯ ಮೇಲೆ ಹೊರಡುತ್ತಿತ್ತು, ಹೊಳೆ ಬಂದಲ್ಲಿ ದೋಣಿಗೆ ಇಳಿಯುತ್ತಿತ್ತು, ಆಚೆ ದಡದಲ್ಲಿ ಮತ್ತೆ ತಲೆ ಏರುತ್ತಿತ್ತು. ಹಸ್ತಿನಾವತಿಯ ಅರಮನೆಯನ್ನು ಪರದೆಯ ಮೇಲೆ ಬರೆಸಿ ಆ ತಲೆಯ ಮೇಲಿಡಲು ಹೊರಟ ಯಜಮಾನನಿಗೆ ಸೌಂದರ್ಯಶಾಸ್ತ್ರದ ಮೊದಲ ಪಾಠ ಆ ಆಳಿನ ಬಾಯಿಂದಲೇ ಸಿಕ್ಕಿರುತ್ತಿತ್ತು, ಅದೂ ಅಚ್ಚ ಹವ್ಯಕದಲ್ಲೋ ನಾಮಧಾರಿಗಳ ಮಾತಿನಲ್ಲೋ, ಅಚ್ಚು ಹಾಕಲಾಗದ ರೀತಿಯಲ್ಲಿ.

ಬಡಗು ತಿಟ್ಟಿನ ಮುಂಡಾಸನ್ನೇ ನೋಡಿ. ಕರ್ಣನೋ ಅರ್ಜುನನೋ ರಂಗಕ್ಕೆ ಬಂದಾಗ ಅವನ ಮುಖಕ್ಕಿಂತ ದೊಡ್ಡದಾಗಿ ತಲೆಯ ಮೇಲೆ ಅರಳಿರುತ್ತದಲ್ಲ, ಅದು ಪೆಟ್ಟಿಗೆಯಲ್ಲಿ ಇರುವುದೇ ಇಲ್ಲ. ಪೆಟ್ಟಿಗೆಯಲ್ಲಿರುವುದು ಮಡಿಚಿಟ್ಟ ಬಟ್ಟೆ, ಒಂದಿಷ್ಟು ಜರಿಪಟ್ಟಿ. ವೇಷಧಾರಿ ಚೌಕಿಯ ಚಾಪೆಯ ಮೇಲೆ ಕನ್ನಡಿ ಎದುರಿಗಿಟ್ಟುಕೊಂಡು ಕೂತು, ತುದಿಯನ್ನು ಬಿಗಿಹಿಡಿದು, ಸುತ್ತಿನ ಮೇಲೆ ಸುತ್ತು ಹಾಕಿ, ಪ್ರತಿ ಸುತ್ತಿಗೂ ಎಳೆದು ನೋಡಿ ಅದನ್ನು ತನ್ನ ತಲೆಯ ಮೇಲೆಯೇ ಕಟ್ಟಬೇಕು. ಬೆಳಗಾದರೆ ಬಿಚ್ಚಬೇಕು, ರಾತ್ರಿಗೆ ಇನ್ನೊಂದು ಊರಿನಲ್ಲಿ ಮತ್ತೆ ಕಟ್ಟಬೇಕು. ಸಿದ್ಧ ಮುಂಡಾಸನ್ನು ಮಾಡಿಟ್ಟುಕೊಂಡರೆ ನಟನ ಕುತ್ತಿಗೆಗೆ ಸುಖ, ಹೊರುವವನ ಕುತ್ತಿಗೆಗೆ ಸಂಕಟ. ಮೇಳ ಯಾವ ಕುತ್ತಿಗೆಯ ಮಾತು ಕೇಳಿತು ಎನ್ನುವುದಕ್ಕೆ ಮುಂಡಾಸೇ ಉತ್ತರ. ಹಾಗೆಂದು ಎಲ್ಲವನ್ನೂ ಬಿಚ್ಚಿ ಮಡಿಚಲಾಗದು. ಭುಜಕೀರ್ತಿ, ಎದೆಕಟ್ಟು, ಕಿರೀಟ ಗಟ್ಟಿಯಾಗಿಯೇ ಇರಬೇಕು. ಅವನ್ನು ಹಗುರ ಮರದಲ್ಲಿ ಕೆತ್ತಿ ಬೇಗಡೆ ಹಚ್ಚಿದರು. ನೋಡುವವನಿಗೆ ಮಣಗಟ್ಟಲೆ ಬಂಗಾರ, ಎತ್ತುವವನಿಗೆ ಒಂದು ಮರದ ತುಂಡು. ಇನ್ನು ಪರದೆ ಎಂದರೆ ಇಬ್ಬರು ಕೈಯಲ್ಲಿ ಹಿಡಿದು ನಿಲ್ಲುವ ತೆರೆ. ಆಸನ ಒಂದೇ, ಅದನ್ನು ರಥ ಎನ್ನುತ್ತಾರೆ. ಕೌರವ ಕೂತರೆ ಸಿಂಹಾಸನ, ಕೃಷ್ಣ ಹತ್ತಿದರೆ ತೇರು. ನಾಲ್ಕು ಕಂಬ ನೆಟ್ಟು ಮಾವಿನ ತೋರಣ ಕಟ್ಟುವ ರಂಗಸ್ಥಳವಂತೂ ಆಟ ಆಡಿಸುವವರ ಖರ್ಚು. ಹೊರಬೇಕಾದದ್ದರಲ್ಲಿ ಅತಿ ದೊಡ್ಡದನ್ನು ಆತಿಥೇಯರ ತಲೆಗೆ ಕಟ್ಟಿದ ಈ ಜಾಣತನಕ್ಕೆ ಯಾವ ಅಕಾಡೆಮಿಯೂ ಪ್ರಶಸ್ತಿ ಕೊಟ್ಟಿಲ್ಲ.

ಮಾತಿನ ವಿಷಯಕ್ಕೂ ಇದೇ ಲೆಕ್ಕ ನಡೆಯುತ್ತದೆ. ಪ್ರಸಂಗದ ಪುಸ್ತಕದಲ್ಲಿ ಇರುವುದು ಪದ್ಯ ಮಾತ್ರ. ಅರ್ಥವನ್ನು ವೇಷಧಾರಿ ನಿಂತಲ್ಲೇ ಹುಟ್ಟಿಸಿಕೊಳ್ಳಬೇಕು. ರಾತ್ರಿಯಿಡೀ ನಡೆಯುವ ವಾದವಿವಾದವನ್ನೆಲ್ಲ ಬರೆದಿಟ್ಟಿದ್ದರೆ ಅದಕ್ಕೇ ಎರಡು ಪೆಟ್ಟಿಗೆ ಬೇಕಾಗುತ್ತಿತ್ತು. ಆಟ ಬೆಳಗಿನ ತನಕ ಯಾಕೆ ನಡೆಯುತ್ತಿತ್ತು ಎಂಬುದಕ್ಕೆ ಭಕ್ತಿಯ ಕಾರಣವನ್ನೂ ರಸದ ಕಾರಣವನ್ನೂ ಕೊಡಬಹುದು. ಆದರೆ ನಡುರಾತ್ರಿ ಮಂಗಳ ಹಾಡಿದ್ದರೆ ಪ್ರೇಕ್ಷಕ ಕತ್ತಲೆಯಲ್ಲಿ ಗದ್ದೆಯ ಹಾಳಿ ಹಿಡಿದು ಎಲ್ಲಿಗೆ ಹೋಗಬೇಕಿತ್ತು? ಪೆಟ್ಟಿಗೆ ಹೊತ್ತವನು ಯಾವ ದೋಣಿ ಕೂಗಬೇಕಿತ್ತು? ಅಂಬಿಗ ಏಳುವ ತನಕ ಅಭಿಮನ್ಯು ಸಾಯದೆ ಇರುವುದೇ ಎಲ್ಲರಿಗೂ ಕ್ಷೇಮ.

ಇಲ್ಲಿ ಯಾರಾದರೂ ಗುಬ್ಬಿ ಕಂಪನಿಯ ಹೆಸರೆತ್ತಿ ಅಡ್ಡಗಾಲು ಹಾಕಬಹುದು. ಅದೂ ತಿರುಗುವ ಮಂಡಳಿಯೇ ತಾನೆ? ಗುಬ್ಬಿ ವೀರಣ್ಣನವರು 1934ರ ‘ಕುರುಕ್ಷೇತ್ರ’ದಲ್ಲಿ ಆನೆ ಕುದುರೆಗಳನ್ನೇ ರಂಗಕ್ಕೆ ತಂದರಲ್ಲ? ತಂದರು, ನಿಜ. ಕೆರೆಮನೆ ಶಿವರಾಮ ಹೆಗಡೆಯವರು ಹೊನ್ನಾವರದ ಕಡೆ ಇಡಗುಂಜಿ ಮೇಳ ಕಟ್ಟಿದ್ದೂ ಅದೇ 1934ರಲ್ಲಿ. ಕತೆ ಒಂದೇ ಮಹಾಭಾರತ. ಬೇರೆಯಾದದ್ದು ಸಾಗಾಟ. ಕಂಪನಿ ಸಾಮಾನನ್ನು ರೈಲಿಗೆ ಹಾಕಿ ಒಂದು ಪಟ್ಟಣಕ್ಕೆ ಬಂದರೆ ತಿಂಗಳುಗಟ್ಟಲೆ ಅಲ್ಲೇ ಕ್ಯಾಂಪು. ಒಮ್ಮೆ ಇಳಿಸಿದ ಪರದೆಯನ್ನು ಮರುದಿನವೇ ಏರಿಸುವ ಗೋಳಿಲ್ಲ. ಮೇಳಕ್ಕೆ ದಿನಾ ಹೊಸ ಊರು. ಹೊನ್ನಾವರದ ಕಡೆಯ ನಮ್ಮ ಕರಾವಳಿಗೆ ರೈಲು ಬಂದದ್ದೇ 1990ರ ದಶಕದಲ್ಲಿ. ಅದು ನೂರು ವರ್ಷ ಮೊದಲೇ ಬಂದಿದ್ದರೆ ಇಡಗುಂಜಿಯ ಭೀಮ ಬಣ್ಣದ ಕಾಡಿನ ಮುಂದೆ ನಿಂತು ಹಾರ್ಮೋನಿಯಂಗೆ ಶ್ರುತಿ ಸೇರಿಸುತ್ತಿದ್ದನೋ ಏನೋ. ಶಿರಸಿಗೆ ಇವತ್ತಿಗೂ ರೈಲಿಲ್ಲ, ಮಾರಿಕಾಂಬಾ ಜಾತ್ರೆಗೆ ನಾಟಕ ಕಂಪನಿಗಳು ಬರುವುದಿಲ್ಲವೇ ಎಂದು ಕೇಳಿದರೆ, ಬರುತ್ತವೆ. ಆದರೆ ಆ ಜಾತ್ರೆ ಎರಡು ವರ್ಷಕ್ಕೊಮ್ಮೆ, ಬಂದ ಕಂಪನಿ ಜಾತ್ರೆ ಮುಗಿಯುವ ತನಕ ಬೀಡು ಬಿಡುತ್ತದೆ. ದಿನಾ ಗುಳೆ ಏಳುವುದಿಲ್ಲ. ಇನ್ನು ಆನೆಯ ವಿಷಯ: ಕಾಲಿರುವ ಲಗೇಜು ಅದೊಂದೇ.

ಹೊರೆ ಬದಲಾದರೆ ಕಲೆಯೂ ಬದಲಾಗಬೇಕು, ಆಗಲೇ ನನ್ನ ವಾದ ನಿಲ್ಲುವುದು. ಬದಲಾಗಿದೆ. ಲಾರಿ ಬಂತು, ಅದರ ಹಿಂದೆಯೇ ಡೇರೆ ಮೇಳ ಬಂತು. ಡೇರೆ ಇದ್ದಲ್ಲಿ ಕುರ್ಚಿ, ಕುರ್ಚಿ ಇದ್ದಲ್ಲಿ ಟಿಕೆಟು, ಜನರೇಟರು, ಊರೂರು ಸುತ್ತಿ ಮೈಕಿನಲ್ಲಿ ಕೂಗುವ ಕಾರು. ಇಷ್ಟನ್ನೆಲ್ಲ ಸಾಕಲು ಕುರ್ಚಿ ತುಂಬಬೇಕು, ಅದಕ್ಕೆ ಹಳೆಯ ಕೃಷ್ಣಾರ್ಜುನರೇ ಸಾಲರು. ಸಿನಿಮಾ ಹೆಸರಿನಂಥ ಹೆಸರು ಹೊತ್ತ ಹೊಸ ಪ್ರಸಂಗಗಳು ಬಂದವು, ನಾಯಕಿ ಕಣ್ಣೀರು ಹಾಕಿದಳು, ವೇಷಧಾರಿಗಳು ತಾರೆಯರಾದರು. ಮನೆಯವರ ಹರಕೆಯಿಂದ ನಡೆಯುವ ಬಯಲಾಟದ ಮೇಳಗಳು ಡೇರೆ ಹೊರಲಿಲ್ಲ. ಅವುಗಳಲ್ಲಿ ಪುರಾಣವೇ ಹೆಚ್ಚಾಗಿ ಉಳಿದದ್ದು ಬರಿಯ ಶ್ರದ್ಧೆಯಿಂದ ಎಂದು ನಂಬುವವರು ನಂಬಲಿ. ಹೆಗ್ಗೋಡಿನ ನೀನಾಸಮ್ 1985ರಲ್ಲಿ ತಿರುಗಾಟ ಶುರುಮಾಡಿದಾಗಲೂ ಆಧುನಿಕ ನಾಟಕ ಇದೇ ಶಿಸ್ತಿಗೆ ಬಗ್ಗಿತು. ವಾಹನದ ಬಾಗಿಲಲ್ಲಿ ಹಿಡಿಸದ ಸೆಟ್ಟು ಎಷ್ಟೇ ಅರ್ಥಗರ್ಭಿತವಾಗಿದ್ದರೂ ಊರಲ್ಲೇ ಉಳಿಯುತ್ತದೆ.

ಈ ವಾದಕ್ಕೆ ಬಲವಾದ ಪೆಟ್ಟು ಬೀಳುವುದು ಬೇರೆ ಕಡೆಯಿಂದ. ಈಗ ಹೆದ್ದಾರಿ ಇದೆ, ಸೇತುವೆ ಇದೆ, ಸಭಾಭವನಗಳಿವೆ. ಬೇಕೆಂದರೆ ಮೇಳ ಇಡೀ ಲಂಕೆಯನ್ನೇ ಲಾರಿಗೆ ಹೇರಬಹುದು. ಆದರೂ ಒಳ್ಳೆಯ ಮೇಳಗಳು ಹೇರುತ್ತಿಲ್ಲ, ಯಾಕೆ? ಇದಕ್ಕೆ ನಾನು ಅರ್ಧ ಸೋಲೊಪ್ಪಬೇಕು. ಆಳಿನ ಕುತ್ತಿಗೆ ಮಾಡಿದ ತೀರ್ಮಾನ ತಲೆಮಾರುಗಳ ಮೇಲೆ ಪ್ರೇಕ್ಷಕನ ಕಣ್ಣಿಗೆ ಇಳಿದುಬಿಟ್ಟಿದೆ. ಅರ್ಜುನ ರಂಗಸ್ಥಳಕ್ಕೆ ಒಂದು ಸುತ್ತು ಹಾಕಿದರೆ ದ್ವಾರಕೆ ಬಂತು ಎಂದು ಕುಣಿತದಿಂದಲೇ ತಿಳಿಯುವವನಿಗೆ ಬಣ್ಣದ ದ್ವಾರಕೆ ತೋರಿಸಿದರೆ, ಅಡ್ಡ ಯಾಕೆ ಇಟ್ಟಿದ್ದೀರಿ ಮಾರಾಯ್ರೆ, ತೆಗೀರಿ ಅನ್ನುತ್ತಾನೆ. ಅಷ್ಟು ಒಪ್ಪಿದ ಮೇಲೂ ಉಳಿದ ಅರ್ಧವನ್ನು ಬಿಟ್ಟುಕೊಡಲಾರೆ. ಇಡಗುಂಜಿ ಮೇಳದವರು ದೇಶದೇಶ ಸುತ್ತಿಬಂದವರು. ವಿಮಾನ ಹತ್ತುವ ಯಾವ ಮೇಳಕ್ಕಾದರೂ ಮೊದಲ ವಿಮರ್ಶಕ ಕೌಂಟರಿನಲ್ಲಿ ತಕ್ಕಡಿ ಇಟ್ಟುಕೊಂಡೇ ಕೂತಿರುತ್ತಾನೆ. ಯಾವ ಕಿರೀಟ ಹೋಗಬೇಕು, ಯಾವುದು ಉಳಿಯಬೇಕು, ಹಿಮ್ಮೇಳಕ್ಕೆ ಎಷ್ಟು ಜನ, ಪ್ರಸಂಗದಲ್ಲಿ ಎಷ್ಟು ಪಾತ್ರ ಎಂಬುದು ಅಲ್ಲೇ ಇತ್ಯರ್ಥವಾಗುತ್ತದೆ. ಅವನಿಗೆ ಚಂಡೆಯೂ ಗೊತ್ತಿಲ್ಲ, ಮದ್ದಲೆಯೂ ಗೊತ್ತಿಲ್ಲ, ಕಿಲೋ ಗೊತ್ತು.